ಕುಸುಮಾವತಿಯ ಮನೆಯಲ್ಲಿ ರೂಬಿ ಇದ್ದ ಹದಿನೆಂಟು ತಿಂಗಳು

ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಕುಸುಮಾವತಿ ಡಯಾಪರ್ ಕಟ್ಟಲು ಕಲಿತಳು. ಇಬ್ಬರು ಮಕ್ಕಳನ್ನು ಹೆತ್ತು ಸಾಕಿದವಳೇ, ಆದರೆ ಆ ಮಕ್ಕಳ ಎಳೆತನ ಕಳೆದದ್ದು ಕಾಪುವಿನಲ್ಲಿ, ಹಳೆಯ ವಾಯಿಲ್ ಸೀರೆಯ ತುಂಡುಗಳಲ್ಲಿ. ಈಗ ಮಗ ಯತೀಶ್ ಅಟ್ಲಾಂಟಾದಲ್ಲಿ, ಮಗಳು ಶ್ರದ್ಧಾ ಗೈದರ್ಸ್‌ಬರ್ಗಿನಲ್ಲಿ. ಇಬ್ಬರಿಗೂ ಕೂದಲು ನೆರೆಯಲು ಶುರುವಾಗಿದೆ. ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ನಾಲ್ಕು ಕೋಣೆಯ ಮನೆ, ಅದರೊಳಗೆ ಅವಳು ಮತ್ತು ಗಂಡ ಜಯಕರ. ಔಷಧಿ ಕಂಪನಿಯ ಲ್ಯಾಬಿನಿಂದ ನಿವೃತ್ತನಾದ ಮೇಲೆ ಜಯಕರ ವಾರಕ್ಕೆ ಮೂರು ಸಲ ಹುಲ್ಲು ಕತ್ತರಿಸುತ್ತಿದ್ದ. ಹುಲ್ಲಿಗೂ ಸಾಕಾಗಿ ಹೋಗಿತ್ತು.

ಒಂದು ದಿನ ಲೈಬ್ರರಿಯ ಗೋಡೆಯಲ್ಲಿ ಕೌಂಟಿಯವರ, ಅಂದರೆ ಅಲ್ಲಿನ ಜಿಲ್ಲಾಡಳಿತದ, ಪ್ರಕಟಣೆ ನೋಡಿ ಬಂದು ಅವಳು ನೇರವಾಗಿ ಹೇಳಿದಳು: "ಎರಡು ಕೋಣೆ ಖಾಲಿ ಉಂಟಲ್ಲ. ನಾವು ಮಕ್ಕಳನ್ನು ಇಟ್ಟುಕೊಳ್ಳುವ."

"ಯಾರ ಮಕ್ಕಳನ್ನು ಮಾರಾಯ್ತಿ?"

"ಯಾರದ್ದಾದ್ರೂ. ಅಪ್ಪ ಅಮ್ಮನಿಗೆ ನೋಡ್ಲಿಕ್ಕೆ ಆಗದಿದ್ರೆ ಕೋರ್ಟಿನವರು ಮಗುವನ್ನು ಕೌಂಟಿಗೆ ಒಪ್ಪಿಸ್ತಾರಂತೆ. ಅವರ ಹತ್ರ ಮನೆ ಎಲ್ಲಿ ಉಂಟು? ನಮ್ಮಂಥವರ ಮನೆಯಲ್ಲಿ ಬಿಡುದು. ಹೆತ್ತವರು ಸರಿ ಆದ ಮೇಲೆ ವಾಪಸ್."

"ಸರಿ ಆಗದಿದ್ರೆ?"

"ಆಗ ದತ್ತು. ಅದು ಆಮೇಲಿನ ಮಾತು."

ಜಯಕರ ಒಪ್ಪಿದ. ಹುಲ್ಲು ಕತ್ತರಿಸುವುದಕ್ಕಿಂತ ದೊಡ್ಡ ಕೆಲಸ ಏನಾದರೂ ಸಿಕ್ಕರೆ ಸಾಕು ಎಂದು ಅವನಿಗೂ ಇತ್ತು.

ಹತ್ತು ವಾರದ ತರಬೇತಿ. ಮೊದಲ ದಿನ ಎಲ್ಲರನ್ನೂ ಕೂರಿಸಿ, ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಕೇಳಿದರು. ಉಳಿದವರು ಕರುಣೆ, ದೇವರು, ಸಮಾಜದ ಋಣ ಎಂದೆಲ್ಲ ಹೇಳಿ ಕಣ್ಣು ಒರೆಸಿಕೊಂಡರು. ಕುಸುಮಾವತಿ ಹೇಳಿದ್ದು ಇಷ್ಟೇ: ತನ್ನ ತಾಯಿಯ ಮನೆಯಲ್ಲಿ ಊಟಕ್ಕೆ ಕೂತರೆ ಯಾವ ಮಗು ಯಾರದ್ದು ಎಂದು ಗೊತ್ತಾಗುತ್ತಿರಲಿಲ್ಲ, ಅತ್ತೆಯ ಮಕ್ಕಳು, ಬೊಂಬಾಯಿಗೆ ಹೋದ ಚಿಕ್ಕಪ್ಪನ ಮಕ್ಕಳು, ಪಕ್ಕದ ಮನೆಯವರದ್ದೂ ಒಂದೆರಡು, ಬಟ್ಟಲಿಗೆ ಗಂಜಿ ಬಿದ್ದರೆ ಆ ಮಗು ನಮ್ಮದೇ. ತರಬೇತಿಯವರು ಅದನ್ನು ಮೆಚ್ಚಿ ಬರೆದುಕೊಂಡರು. ಮುಂದೆ ಅವಳು ಮುಗ್ಗರಿಸಿ ಬೀಳುವುದೂ ಇದೇ ನಂಬಿಕೆಗೆ ಕಾಲು ಸಿಕ್ಕಿಸಿಕೊಂಡು ಎಂದು ಅವರಿಗೂ ಗೊತ್ತಿರಲಿಲ್ಲ, ಅವಳಿಗೂ.

ಮನೆ ಪರೀಕ್ಷೆಗೆ ಬಂದವಳು ಡೊರೀನ್ ಎಂಬ ಸೋಶಿಯಲ್ ವರ್ಕರ್. ಐವತ್ತು ದಾಟಿದ ಹೆಂಗಸು, ಕಾರಿನ ಡಿಕ್ಕಿಯಲ್ಲಿ ಸದಾ ಮೂರು ಮಕ್ಕಳ ಸೀಟು. ಬಿಸಿನೀರಿನ ಉಷ್ಣತೆ ಅಳೆದಳು, ಔಷಧಿಗೆ ಬೀಗ ಹಾಕಿಸಿದಳು, ಅಡುಗೆಮನೆಯಲ್ಲಿ ಮೆಟ್ಟುಕತ್ತಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ನೆಲದ ಮೇಲೆ ಬಾಗಿ ನಿಂತ ಆ ಕತ್ತಿಯ ಮುಂದೆ ಕುಸುಮಾವತಿ ಕುಕ್ಕರಗಾಲಲ್ಲಿ ಕೂತು, ಪಾಪ, ಬದನೆಕಾಯಿ ಹೆಚ್ಚಿ ತೋರಿಸಿದಳು. ಅದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. ಮೆಟ್ಟುಕತ್ತಿ ಗರಾಜಿನ ಕಪಾಟು ಸೇರಿ, ಅದಕ್ಕೆ ಎರಡು ಬೀಗ ಬಿದ್ದ ಮೇಲೆಯೇ ಲೈಸೆನ್ಸ್ ಬಂದದ್ದು.

ರೂಬಿ ಬಂದದ್ದು ೨೦೨೨ರ ಫೆಬ್ರವರಿಯಲ್ಲಿ. ಐದು ತಿಂಗಳ ಹೆಣ್ಣುಮಗು, ಕೆಂಚು ಕೂದಲು. ತಾಯಿಯ ಹೆಸರು ಕೇಯ್ಲಾ, ವಯಸ್ಸು ಇಪ್ಪತ್ತೆರಡು. ಅವಳಿಗೆ ನೋವಿನ ಮಾತ್ರೆಯ ಚಟ ಹತ್ತಿತ್ತು. ರಾಲಿಯ ಒಂದು ಪಾರ್ಕಿಂಗ್ ಜಾಗದಲ್ಲಿ, ಅಳುವ ಮಗುವನ್ನು ಹಿಂದಿನ ಸೀಟಿನಲ್ಲಿ ಬಿಟ್ಟು ಮುಂದಿನ ಸೀಟಿನಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಾಗ ಸಿಕ್ಕಿದಳು. ಈಗ ಚಿಕಿತ್ಸೆಯಲ್ಲಿದ್ದಾಳೆ, ವಾರಕ್ಕೊಮ್ಮೆ ಕೌಂಟಿ ಆಫೀಸಿನಲ್ಲಿ ಒಂದು ಗಂಟೆ ಮಗುವನ್ನು ನೋಡುತ್ತಾಳೆ ಎಂದು ಡೊರೀನ್ ಹೇಳಿದಳು. ಕುಸುಮಾವತಿ "ಪಾಪ" ಎಂದಳು. ಅದು ತಾಯಿಗೆ ಹೇಳಿದ್ದಲ್ಲ, ಮಗುವಿಗೆ.

ಮೊದಲ ಎರಡು ತಿಂಗಳು ಮಗು ಮಲಗಲೇ ಇಲ್ಲ. ಮೈ ಬೆಚ್ಚಿ ಬೀಳುವುದು, ಕಿರುಚುವುದು, ಹಾಲು ಕಕ್ಕುವುದು. ಡಾಕ್ಟರು ನಿಧಾನಕ್ಕೆ ಸರಿಹೋಗುತ್ತದೆ ಎಂದರು. ನಿಧಾನಕ್ಕೆ ಎಂದರೆ ಎಷ್ಟು ದಿನ ಎಂದು ಅವರು ಹೇಳಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಸ್ನಾನ ಮಾಡಿಸಿದ ಕುಸುಮಾವತಿ, ಹೊಲಿಗೆ ಡಬ್ಬಿಯಿಂದ ಕಪ್ಪು ನೂಲು ತೆಗೆದು ನಾಲ್ಕು ಎಳೆ ಹೊಸೆದು, ಮೂರು ಗಂಟು ಹಾಕಿ, ಮಗುವಿನ ಸೊಂಟಕ್ಕೆ ಉಡಿದಾರ ಕಟ್ಟಿದಳು. ಅವಳ ಅಮ್ಮ ಕಟ್ಟಿದ್ದು, ಅಜ್ಜಿ ಕಟ್ಟಿದ್ದು, ಯತೀಶನಿಗೆ ಶ್ರದ್ಧಾಳಿಗೆ ಅವಳೇ ಕಟ್ಟಿದ್ದು. ಮಗುವಿನ ಮೇಲೆ ಯಾರ ಕಣ್ಣೂ ಬೀಳದಿರಲಿ ಎಂದು ಇಷ್ಟೂ ಮಾಡದಿದ್ದರೆ ಹೇಗೆ? ವಾರದೊಳಗೆ ರೂಬಿ ನಾಲ್ಕು ತಾಸು ಒಂದೇ ನಿದ್ದೆ ಮಾಡಿದಳು. ದಾರದಿಂದಲೋ ಡಾಕ್ಟರ ನಿಧಾನದಿಂದಲೋ, ಅಂತೂ ಮಲಗಿದಳು.

ಮೇ ತಿಂಗಳ ಒಂದು ಭೇಟಿಯಲ್ಲಿ ಕೇಯ್ಲಾ ಡಯಾಪರ್ ಬದಲಿಸಲು ಮಗುವಿನ ಅಂಗಿ ಎತ್ತಿದಳು. ಬರಿಹೊಟ್ಟೆಯ ಸುತ್ತ ಕಪ್ಪು ಹುರಿ, ಮೂರು ಗಂಟು. ಆ ತಿಂಗಳು ರೂಬಿ ಮೈತುಂಬಿಕೊಂಡಿದ್ದಳು, ದಾರ ಸಡಿಲಿಸಲು ಕುಸುಮಾವತಿ ಮರೆತಿದ್ದಳು. ಚರ್ಮದ ಮೇಲೆ ಕೆಂಪು ಗೆರೆ ಎದ್ದಿತ್ತು. ಕೇಯ್ಲಾ ಕೂಗಿದ ಕೂಗಿಗೆ ಪಕ್ಕದ ಕೋಣೆಯವರು ಓಡಿ ಬಂದರು. ನನ್ನ ಮಗುವಿಗೆ ಹಗ್ಗ ಕಟ್ಟಿದ್ದಾರೆ ಎಂದು ಅವಳು ಅಳುತ್ತಾ ಹೇಳುತ್ತಿದ್ದರೆ ಡೊರೀನ್ ಕತ್ತರಿ ತಂದು ದಾರ ಕತ್ತರಿಸಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫೋಟೊ ತೆಗೆದಳು.

ಆ ಸಂಜೆ ಡೊರೀನ್ ಫೋನ್ ಮಾಡಿದಳು. ತನಿಖೆ ಆಗುತ್ತದೆ, ಹತ್ತು ದಿನದಲ್ಲಿ ಮೀಟಿಂಗ್. ಮಗುವನ್ನು ಬೇರೆ ಮನೆಗೆ ಕಳಿಸಬೇಕೋ ಬೇಡವೋ ಅಲ್ಲಿ ತೀರ್ಮಾನ. ತಾಯಿಯ ಮಾತಿಗೂ ಬೆಲೆ ಇದೆ. ಕುಸುಮಾವತಿ ಫೋನ್ ಇಟ್ಟು ಸ್ಟವ್ ಆರಿಸಿ ಅಡುಗೆಮನೆಯ ನೆಲದಲ್ಲೇ ಕೂತುಬಿಟ್ಟಳು. ಮಗುವನ್ನು ಕೊಂಡೊಯ್ಯುತ್ತಾರೆ ಎಂಬ ಒಂದು ಮಾತು ಬಿಟ್ಟರೆ ಬೇರೇನೂ ಅವಳ ತಲೆಯೊಳಗೆ ಹೋಗಲಿಲ್ಲ.

"ಒಂದು ದಾರಕ್ಕೆ ಇಷ್ಟೆಲ್ಲ ಎಂತ ರಾಮಾಯಣ?" ಎಂದ ಜಯಕರ. "ಕೋಳಿಯನ್ನು ಕೇಳಿ ಯಾರಾದ್ರೂ ಮಸಾಲೆ ಅರೀತಾರಾ? ಮಗು ನಿನ್ನ ಹತ್ರ ಇರುದು, ನೀನು ಕಟ್ಟಿದಿ."

ಮೂರು ಮನೆ ಆಚೆಯ ಮೈಸೂರಿನ ಮೈಥಿಲಿ ಸುದ್ದಿ ಕೇಳಿದ್ದೇ ತಡ, ಚಕ್ಕುಲಿ ಡಬ್ಬಿ ಹಿಡಿದುಕೊಂಡು ಬಂದಳು. ಅವಳ ಬಳಿ ಎಲ್ಲದಕ್ಕೂ ಪರಿಹಾರ ಇರುತ್ತದೆ, ಕೇಳದಿದ್ದರೂ.

"ಕುಸುಮಾ, ನೀವು ಟೆನ್ಷನ್ ತಗೋಬೇಡಿ. ಇದು ನಮ್ ಕಲ್ಚರ್ ಅಂತ ಹೇಳ್ಬಿಡಿ ಅಷ್ಟೆ. ಇಲ್ಲಿ ಕಲ್ಚರ್ ಅಂದ್ರೆ ಹೆದರ್ತಾರೆ. ನಮ್ಮೆಜಮಾನ್ರಿಗೆ ಹೇಳಿ ಒಂದು ರೈಟಪ್ ಪ್ರಿಪೇರ್ ಮಾಡಿಸ್ತೀನಿ."

ಅವಳ ಯಜಮಾನರು ದತ್ತಾತ್ರೇಯ, ಸಾಫ್ಟ್‌ವೇರ್ ಆರ್ಕಿಟೆಕ್ಟ್, ಹಾಗೆ ಎರಡು ಪುಟ ಬರೆದೇಬಿಟ್ಟರು. ಉಡಿದಾರದ ಪರಂಪರೆ, ಅದರ ಆರೋಗ್ಯದ ಗುಣ, ಶಿಶುವಿನ ಬೆಳವಣಿಗೆ ಅಳೆಯುವಲ್ಲಿ ಅದರ ಪಾತ್ರ. ಅಡಿಟಿಪ್ಪಣಿ ಬೇರೆ. ಕುಸುಮಾವತಿ ಅದನ್ನು ಮೀಟಿಂಗಿನ ದಿನದವರೆಗೂ ಬಾಯಿಪಾಠ ಮಾಡಿದಳು.

ಮೀಟಿಂಗಿನಲ್ಲಿ ಉದ್ದನೆಯ ಮೇಜು, ನೀರಿನ ಬಾಟಲಿಗಳು, ಟಿಶ್ಯೂ ಪೆಟ್ಟಿಗೆ. ಕುಸುಮಾವತಿ ಕೇಯ್ಲಾಳನ್ನು ಸರಿಯಾಗಿ ನೋಡಿದ್ದು ಆವತ್ತೇ. ಮೂರು ತಿಂಗಳು ಪ್ರತಿವಾರ ಮಗುವನ್ನು ಬಾಗಿಲಲ್ಲಿ ಒಪ್ಪಿಸಿ, ತಲೆ ಆಡಿಸಿ, ಕಾರಿಗೆ ಹೋಗಿ ಕೂರುತ್ತಿದ್ದವಳು. ಸಪೂರ ಹುಡುಗಿ, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿದೆ. ಶ್ರದ್ಧಾ ಕಾಲೇಜಿಗೆ ಹೋಗುವಾಗ ಹೀಗೇ ಇದ್ದಳು.

ಕುಸುಮಾವತಿ ಎರಡು ಪುಟ ತೆಗೆದು ಓದಲು ಶುರುಮಾಡಿದಳು. ಮೂರನೆಯ ವಾಕ್ಯಕ್ಕೆ ಕೇಯ್ಲಾ ತಡೆದಳು.

"ಅದರ ಅರ್ಥ ಏನು ಅನ್ನೋದು ನನಗೆ ಬೇಕಿಲ್ಲ. ಒಳ್ಳೆಯದೇ ಇರಬಹುದು. ನನ್ನನ್ನು ಯಾಕೆ ಕೇಳಲಿಲ್ಲ?" ಅವಳು ಟಿಶ್ಯೂ ಪೆಟ್ಟಿಗೆಯನ್ನು ಆಚೆ ತಳ್ಳಿದಳು. "ಅವಳನ್ನು ಕರೆದುಕೊಂಡು ಹೋದ ದಿನದಿಂದ ಯಾರೂ ನನ್ನನ್ನು ಏನೂ ಕೇಳಿಲ್ಲ. ಏನು ತಿನ್ನುತ್ತಾಳೆ, ಹೇಗೆ ಮಲಗಿಸುತ್ತಿದ್ದೆ, ಏನೂ. ನಾನು ತಪ್ಪು ಮಾಡಿದ್ದೇನೆ, ಗೊತ್ತು. ಆದರೆ ನಾನು ಸತ್ತಿಲ್ಲವಲ್ಲ."

ಕುಸುಮಾವತಿಗೆ ನಾಚಿಕೆಯಾಯಿತು. ದೊಡ್ಡ ನಾಚಿಕೆ. ಕಾಪುವಿನ ಮನೆಯಲ್ಲಿ ಗಂಜಿ ಬಿದ್ದ ಬಟ್ಟಲ ಹಿಂದೆ ಎಲ್ಲೋ ಒಬ್ಬ ತಾಯಿ ಇದ್ದಳು, ಅವಳನ್ನು ಯಾರಾದರೂ ಏನಾದರೂ ಕೇಳಿದ್ದುಂಟೇ ಎಂದು ಈವರೆಗೆ ಅವಳು ಯೋಚಿಸಿಯೇ ಇರಲಿಲ್ಲ. ದತ್ತಾತ್ರೇಯರ ಪುಟಗಳನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ತುರುಕಿದಳು.

"ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಯಿತು," ಎಂದಳು.

ಮಗುವನ್ನು ಬೇರೆ ಮನೆಗೆ ಕಳಿಸಬೇಕೆಂದು ನಿನಗೆ ಅನಿಸುತ್ತದೆಯೇ ಎಂದು ಡೊರೀನ್ ಕೇಯ್ಲಾಳನ್ನು ಕೇಳಿದಳು.

"ಬೇಡ," ಎಂದಳು ಕೇಯ್ಲಾ. "ಅವಳು ಇನ್ನೊಂದು ಮನೆ ಕಲಿಯುವುದು ಬೇಡ. ಇವರ ಹತ್ತಿರ ದಪ್ಪ ಆಗಿದ್ದಾಳೆ. ಆದರೆ ಇನ್ನು ಮೇಲೆ ನನ್ನನ್ನು ಕೇಳಬೇಕು."

ಕೇಳು ಎಂದರೆ ಕುಸುಮಾವತಿ ಬಿಡುವವಳೇ? ಡೊರೀನಳ ಒಪ್ಪಿಗೆಯಿಂದ ಇಬ್ಬರಿಗೂ ಒಬ್ಬರ ನಂಬರ್ ಇನ್ನೊಬ್ಬರಿಗೆ ಸಿಕ್ಕಿತು. ರಾಗಿಯ ಹಾಲು ಕಾಸಿ ಮಾಡುವ ಮಣ್ಣಿ ತಿನ್ನಿಸಬಹುದೇ? ತೆಂಗಿನೆಣ್ಣೆ ಹಚ್ಚಬಹುದೇ? ಕೂದಲು ಕಣ್ಣಿಗೆ ಬರುತ್ತಿದೆ, ಕ್ಲಿಪ್ ಹಾಕಲೇ ಕತ್ತರಿಸಲೇ? ಒಂದು ದಿನ ಹನ್ನೊಂದು ಮೆಸೇಜು ಹೋದವು. ಕೊನೆಗೆ ಕೇಯ್ಲಾಳೇ ಬರೆದಳು: ಕಾಲುಚೀಲದ ಬಣ್ಣ ಕೇಳಬೇಕಾಗಿಲ್ಲ ಮಿಸೆಸ್ ಕೆ. ಜೊತೆಗೆ ಒಂದು ನಗುವ ಮುಖ. ಇನ್ನೊಮ್ಮೆ, ರೂಬಿಯ ಎಡ ಕಿವಿಯ ಹಿಂದೆ ಮೆತ್ತಗೆ ಉಜ್ಜಿದರೆ ನಿದ್ದೆ ಬರುತ್ತದೆ ಎಂದು ಬರೆದಳು. ಕುಸುಮಾವತಿ ಉಜ್ಜಿ ನೋಡಿದಳು. ಎರಡೇ ನಿಮಿಷ. ಈ ಒಂದು ಮಾತು ಮೊದಲೇ ಕೇಳಿದ್ದರೆ ಎರಡು ತಿಂಗಳ ನಿದ್ದೆ ಉಳಿಯುತ್ತಿತ್ತಲ್ಲ ಎಂದು ಹಣೆ ಚಚ್ಚಿಕೊಂಡಳು.

ಹಾಗೆಂದು ಎಲ್ಲವೂ ನೆಟ್ಟಗೆ ನಡೆಯಲಿಲ್ಲ. ಆ ವರ್ಷದ ಕೊನೆಯಲ್ಲಿ ಕೇಯ್ಲಾಳ ಕೆಲಸ ಹೋಯಿತು, ಕಾರು ಕೆಟ್ಟಿತು, ಅವಳು ಮತ್ತೆ ಮಾತ್ರೆಗೆ ಕೈ ಹಾಕಿದಳು. ಸಾಲಾಗಿ ಆರು ಭೇಟಿ ತಪ್ಪಿದವು. ಮೆಸೇಜಿಗೆ ಉತ್ತರವಿಲ್ಲ. ಜನವರಿಯಲ್ಲಿ ಡೊರೀನ್ ಮನೆಗೆ ಬಂದು, ಚಹಾದ ಲೋಟ ಕೆಳಗಿಟ್ಟು ಕೇಳಿದಳು: ಕೋರ್ಟು ಬೇರೆ ದಾರಿ ಯೋಚಿಸಬಹುದು, ಹಾಗಾದರೆ ನೀವು ರೂಬಿಯನ್ನು ದತ್ತು ತೆಗೆದುಕೊಳ್ಳಲು ಸಿದ್ಧರಿ...

"ಹೌದು," ಎಂದಳು ಕುಸುಮಾವತಿ. ಪ್ರಶ್ನೆ ಇನ್ನೂ ಮುಗಿದಿರಲಿಲ್ಲ.

ಆಮೇಲೆ ಅವಳು ಬೇರೆಯೇ ಆದಳು. ಅತಿಥಿಗಳ ಕೋಣೆ ರೂಬಿಯ ಕೋಣೆಯಾಯಿತು, ಗೋಡೆಗೆ ಹಳದಿ ಬಣ್ಣ ಬಂತು. ಶ್ರದ್ಧಾಳಿಗೆ ಫೋನ್ ಮಾಡಿ ನಿನ್ನ ಬಾಲ್ಯದ ಬೆಳ್ಳಿಯ ಗೆಜ್ಜೆ ಕಳಿಸು ಎಂದಳು.

"ಅಮ್ಮಾ, ಜಾಸ್ತಿ ಅಟ್ಯಾಚ್ ಆಗ್ಬೇಡ. ಪ್ಲೀಸ್. ಜಡ್ಜ್ ಇನ್ನೂ ಡಿಸೈಡ್ ಮಾಡಿಲ್ಲ," ಎಂದಳು ಮಗಳು.

"ನನಗೆ ಗೊತ್ತುಂಟು. ನೀನು ಗೆಜ್ಜೆ ಕಳಿಸು."

ರೂಬಿ ನಡೆಯಲು ಕಲಿತಳು. ಜಯಕರನ ಹುಲ್ಲಿನ ಮೇಲೆ ಬಿದ್ದಳು, ಎದ್ದಳು. 'ಬಾ', 'ಬೇಡ', 'ಇನ್ನು' ಎಂದು ಮೂರು ಕನ್ನಡ ಮಾತು ಬಂತು. ಕುಸುಮಾವತಿ ಮುಂದಿನ ಹತ್ತು ವರ್ಷವನ್ನು ಮನಸ್ಸಿನಲ್ಲೇ ಹೊಲಿದಿಟ್ಟಳು: ಕಿಂಡರ್‌ಗಾರ್ಟನ್, ಈಜು, ಭಾನುವಾರದ ಕನ್ನಡ ಕ್ಲಾಸು.

ಫೆಬ್ರವರಿಯಲ್ಲಿ ಕೇಯ್ಲಾ ಮತ್ತೆ ಚಿಕಿತ್ಸೆಗೆ ಸೇರಿದಳು. ಬೇಕರಿಯಲ್ಲಿ ಕೆಲಸ ಹಿಡಿದಳು. ಮಾರ್ಚಿನಿಂದ ಒಂದು ಭೇಟಿಯೂ ತಪ್ಪಲಿಲ್ಲ. ಒಳ್ಳೆಯದಾಯಿತು ಎಂದು ಕುಸುಮಾವತಿ ಬಾಯಲ್ಲಿ ಹೇಳಿದಳು. ಒಳಗೊಳಗೆ ಅದು ಅವಳಿಗೆ ಬೇಕಿರಲಿಲ್ಲ. ಅದನ್ನು ಗಂಡನಿಗೂ ಹೇಳಲಿಲ್ಲ.

ಏಪ್ರಿಲಿನ ಒಂದು ಗುರುವಾರ ರೂಬಿಗೆ ಜ್ವರ. ಜ್ವರ ಬಂದರೆ ಭೇಟಿ ಇಲ್ಲ ಎಂಬುದು ಆಫೀಸಿನ ನಿಯಮ. ಕುಸುಮಾವತಿ ಮೆಸೇಜು ಕಳಿಸಿದಳು. ಮಧ್ಯಾಹ್ನ ಮೂರರ ಹೊತ್ತಿಗೆ ಮಳೆಯಲ್ಲಿ ಯಾರೋ ಬಾಗಿಲ ಮುಂದೆ ನಿಂತಿದ್ದರು. ಕೇಯ್ಲಾ. ಮಗುವಿನ ಹುಟ್ಟುಹಬ್ಬಕ್ಕೆ ಉಡುಗೊರೆ ಕಳಿಸಲೆಂದು ಕೊಟ್ಟಿದ್ದ ವಿಳಾಸ ಹುಡುಕಿ, ಎರಡು ಬಸ್ಸು ಬದಲಿಸಿ, ಕೊನೆಯ ಎರಡು ಮೈಲಿ ನಡೆದು ಬಂದಿದ್ದಳು. ಬೇಕರಿಯ ಏಪ್ರನ್ ಒದ್ದೆಯಾಗಿ ಮೈಗೆ ಅಂಟಿತ್ತು.

"ಭೇಟಿ ಆಫೀಸಿನಲ್ಲಿ ಮಾತ್ರ, ಒಳಗೆ ಬರುವ ಹಾಗಿಲ್ಲ, ನನಗೆ ಗೊತ್ತು," ಎಂದಳು ಅವಳೇ. "ಜ್ವರ ಎಷ್ಟಿದೆ? ಕಿಟಕಿಯಿಂದ ತೋರಿಸುತ್ತೀರಾ?"

ಕುಸುಮಾವತಿ ರೂಬಿಯನ್ನು ಎತ್ತಿ ತಂದು ವರಾಂಡದ ಕಿಟಕಿಯ ಬಳಿ ಕೂತಳು. ಕೇಯ್ಲಾ ಹೊರಗಿನಿಂದ ಗಾಜಿಗೆ ಕೈ ಇಟ್ಟಳು, ರೂಬಿ ಒಳಗಿನಿಂದ ಇಟ್ಟಳು. ಕೇಯ್ಲಾ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಲ್ಲಿ ಮೀನು, ಬೆಕ್ಕು, ಸೂರ್ಯ ಬರೆದಳು. ಜ್ವರದ ಮಗು ನಕ್ಕಿತು. ಮುಕ್ಕಾಲು ಗಂಟೆ ಹಾಗೆಯೇ ಕಳೆದು, ಮಗು ಕುಸುಮಾವತಿಯ ಭುಜಕ್ಕೆ ಒರಗಿ ಮಲಗಿದ ಮೇಲೆ ಕೇಯ್ಲಾ ಬಸ್ಸಿಗೆಂದು ಹೊರಟಳು. ಕುಸುಮಾವತಿ ಬಾಗಿಲು ತೆರೆದು ಕೊಟ್ಟದ್ದು ಒಂದು ಲೋಟ ಚಹಾ, ಒಂದು ಕೊಡೆ, ಅಷ್ಟೇ.

ಇದು ಯಾವ ದಾಖಲೆಯಲ್ಲೂ ಇರಲಿಲ್ಲ. ಜಯಕರ ಆ ಹೊತ್ತು ದಂತವೈದ್ಯರ ಬಳಿ ಹೋಗಿದ್ದ. ಮರುದಿನ ಡೊರೀನ್ ಫೋನ್ ಮಾಡಿ ಏನು ವಿಶೇಷ ಎಂದಾಗ ಕುಸುಮಾವತಿ ಜ್ವರ ಇಳಿದಿದೆ ಎಂದಷ್ಟೇ ಹೇಳಿದಳು. ಉಳಿದದ್ದನ್ನು ಯಾಕೆ ಹೇಳಲಿಲ್ಲ ಎಂದು ತನ್ನನ್ನು ತಾನೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಗೊತ್ತಿತ್ತು.

ಜೂನಿನಲ್ಲಿ ಕೋರ್ಟು. ತಾಯಿಗೆ ವಾಪಸೋ, ದತ್ತಿನ ದಾರಿಯೋ ಅಂದೇ ತೀರ್ಮಾನ. ಕಾರಿನಲ್ಲಿ ಜಯಕರ ಹೇಳಿದ: "ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಹೆಚ್ಚು ಇಲ್ಲ, ಕಮ್ಮಿ ಇಲ್ಲ. ನಮ್ಮ ಹತ್ರ ಸತ್ಯವೇ ಉಂಟಲ್ಲ?"

ಉಂಟು, ಸತ್ಯವೇ. ಆರು ಭೇಟಿ ತಪ್ಪಿದ್ದು ಸತ್ಯ. ಎರಡು ತಿಂಗಳು ಮೆಸೇಜಿಗೆ ಉತ್ತರ ಬರದಿದ್ದದ್ದು ಸತ್ಯ. ಮಗು ಇಲ್ಲಿ ಚೆನ್ನಾಗಿರುವುದೂ ಸತ್ಯ. ಕೌಂಟಿಯ ವಕೀಲರು ಇದನ್ನೆಲ್ಲ ಹೇಳಿದರು. ನಾಲ್ಕು ತಿಂಗಳ ಸುಧಾರಣೆ ನಿಲ್ಲುತ್ತದೆಂದು ನಂಬುವುದು ಹೇಗೆ ಎಂದರು. ಕೇಯ್ಲಾ ತಲೆ ತಗ್ಗಿಸಿ ಕೂತಿದ್ದಳು. ಆ ಗುರುವಾರದ ಮಾತು ಅವಳೂ ಎತ್ತಲಿಲ್ಲ. ನಿಯಮ ಮೀರಿ ಬಂದದ್ದು ತನಗೇ ಮುಳುವಾದೀತೆಂಬ ಹೆದರಿಕೆ ಅವಳ ಮುಖದಲ್ಲೇ ಇತ್ತು.

ಮಗುವನ್ನು ನೋಡಿಕೊಳ್ಳುವವರು ಏನಾದರೂ ಹೇಳುವುದಿದೆಯೇ ಎಂದು ಜಡ್ಜ್ ಕೇಳಿದರು. ಕುಸುಮಾವತಿ ಎದ್ದು ನಿಂತಳು. ರೂಬಿಯ ತೂಕ ಹೇಳಿದಳು, ಹಲ್ಲು ಎಷ್ಟು ಎಂದು ಹೇಳಿದಳು, ಲಸಿಕೆ ಎಲ್ಲ ಆಗಿದೆ ಎಂದಳು. ಅಲ್ಲಿಗೆ ಕೂರಬಹುದಿತ್ತು. ಜಯಕರ ಅವಳಿಗೆ ಜಾಗ ಬಿಡಲು ಸರಿದೂ ಇದ್ದ. ಅವಳು ಕೂರಲಿಲ್ಲ.

"ಇನ್ನೊಂದುಂಟು," ಎಂದಳು, ತನ್ನ ಕರಾವಳಿಯ ಇಂಗ್ಲಿಷಿನಲ್ಲಿ. ಆಮೇಲೆ ಆ ಗುರುವಾರದ್ದು ಎಲ್ಲ ಹೇಳಿದಳು. ಮಳೆ, ಎರಡು ಬಸ್ಸು, ಗಾಜಿನ ಮೇಲಿನ ಮೀನು. ಒಳಗೆ ಬಿಟ್ಟಿರಾ ಎಂದು ಜಡ್ಜ್ ಕೇಳಿದರು.

"ಇಲ್ಲ. ನಿಯಮ ಇತ್ತು. ಅವಳೂ ಕೇಳಲಿಲ್ಲ."

"ಇದನ್ನು ಮೊದಲು ಯಾಕೆ ತಿಳಿಸಲಿಲ್ಲ?"

ಕುಸುಮಾವತಿ ಎದುರಿನ ಕಟಕಟೆ ಹಿಡಿದುಕೊಂಡಳು. "ಮಗು ನನಗೆ ಬೇಕಿತ್ತು. ಅದಕ್ಕೆ."

ಜಯಕರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿದ. ಜಡ್ಜ್ ಬಹಳ ಹೊತ್ತು ಬರೆದರು. ಎರಡು ತಿಂಗಳು ವಾರಾಂತ್ಯ ತಾಯಿಯ ಮನೆಯಲ್ಲಿ, ಎಲ್ಲ ಸರಿಹೋದರೆ ಆಗಸ್ಟಿನಲ್ಲಿ ಪೂರ್ತಿ ವಾಪಸ್ ಎಂದು ಆದೇಶವಾಯಿತು.

ಎಲ್ಲ ಸರಿಹೋಯಿತು. ಸರಿಹೋಗದಿರಲಿ ಎಂದು ಕುಸುಮಾವತಿ ಎರಡು ಸಲ ಬಯಸಿದಳು. ಎರಡು ಸಲವೂ ತನ್ನನ್ನು ತಾನೇ ಬೈದುಕೊಂಡಳು.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಎರಡೂವರೆಗೆ ಕೇಯ್ಲಾ ಬಂದಳು, ಬೇಕರಿಯ ಗೆಳತಿಯ ಕಾರಿನಲ್ಲಿ. ಜಯಕರ ಬಟ್ಟೆಯ ಚೀಲಗಳನ್ನು ಹೊತ್ತುಕೊಂಡು ಹೋದ. ಒಂದೊಂದನ್ನೇ ಹೊತ್ತ, ಎರಡೆರಡು ಹೊರಬಹುದಿದ್ದರೂ. ಕುಸುಮಾವತಿ ಮಗುವನ್ನು ತಾಯಿಯ ಕೈಗೆ ಕೊಟ್ಟಳು. ವಾರಾಂತ್ಯಕ್ಕೆ ಹೋಗುವಾಗ ಟಾಟಾ ಮಾಡುತ್ತಿದ್ದ ರೂಬಿಗೆ ಇವತ್ತಿನದು ಬೇರೆ ಎಂದು ಹೇಗೋ ತಿಳಿಯಿತು. ತಾಯಿಯ ಭುಜದ ಮೇಲಿಂದ ಎರಡೂ ಕೈ ಚಾಚಿ "ಬಾ, ಬಾ" ಎಂದು ಕುಸುಮಾವತಿಯನ್ನು ಕರೆದು ಗಟ್ಟಿಯಾಗಿ ಅಳತೊಡಗಿದಳು.

ಕೇಯ್ಲಾಳ ಮುಖ ಬಿಳಿಚಿತು. ಇಷ್ಟು ದಿನದ ಧೈರ್ಯವೆಲ್ಲ ಇಳಿದುಹೋದಂತೆ ನಿಂತಳು. "ಅವಳಿಗೆ ನೀವು ಬೇಕು," ಎಂದಳು. "ನಾನು ಬೇಡ ಅವಳಿಗೆ. ಅಲ್ಲವಾ?"

ಕುಸುಮಾವತಿ ತನ್ನೆರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿ ಹಿಡಿದುಕೊಂಡಳು.

"ಛೆ, ಹಾಗೆಂತ ಇಲ್ಲ," ಎಂದಳು ನಗುತ್ತಾ. "ಅವಳಿಗೆ ನಿದ್ದೆ ಬಂದಿದೆ. ನಿದ್ದೆ ಬಂದರೆ ಹೀಗೇ ಅಳುವುದು, ಎಲ್ಲರನ್ನೂ ಕರೆಯುವುದು. ಕಾರು ಹೊರಟ ಕೂಡಲೇ ಮಲಗುತ್ತಾಳೆ, ನೋಡು."

ಕೇಯ್ಲಾ ನಂಬಿದಳು. ಮಗುವಿನ ಕಿವಿಯ ಹಿಂದೆ ಉಜ್ಜುತ್ತಾ ಕಾರು ಹತ್ತಿದಳು.

ರೂಬಿ ಆ ಮಧ್ಯಾಹ್ನ ಎರಡು ತಾಸು ಮಲಗಿ, ಎದ್ದು ಇಪ್ಪತ್ತು ನಿಮಿಷವೂ ಆಗಿರಲಿಲ್ಲ.